ಹೊಳಪಿನಡಿಯ ಬಿಳಿ ಹುಳು

ಎರಡು-ಮೂರು ಮಳೆಗಾಲ ಕಂಡ ಡೈಮಂಡ್ ಕಟ್ ಅಲಾಯ್ ವೀಲ್ ಒಂದರ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದರೆ, ಸ್ಪೋಕ್‌ಗಳ ಅಂಚಿನಿಂದ ಹೊರಟ ಬಿಳಿ ಎಳೆಗಳು ಕಾಣುತ್ತವೆ. ಉಗುರಿನಿಂದ ಕೆರೆದರೆ ಹೋಗುವುದಿಲ್ಲ, ಶಾಂಪೂ ಹಾಕಿ ತಿಕ್ಕಿದರೂ ಹೋಗುವುದಿಲ್ಲ. ಅವು ಇರುವುದು ಪಾರದರ್ಶಕ ಲ್ಯಾಕರ್ ಪದರದ ಕೆಳಗೆ. ಟೊಮೆಟೊ ಎಲೆಯೊಳಗೆ ರಂಗೋಲಿ ಹುಳು ಕೊರೆದುಕೊಂಡು ಹೋದ ಗೆರೆಯ ಹಾಗೇ ಇವು ಸುತ್ತಿ ಬಳಸಿ ಸಾಗುತ್ತವೆ. ಚಕ್ರ ರಿಪೇರಿಯವರು ಇದಕ್ಕೆ ‘ವೈಟ್ ವರ್ಮ್’ ಅನ್ನುತ್ತಾರೆ. ಲೋಹಶಾಸ್ತ್ರದಲ್ಲಿ ಇದು ಫಿಲಿಫಾರ್ಮ್ ಸವೆತ, ಅಂದರೆ ಎಳೆಎಳೆಯಾಗಿ ಹಬ್ಬುವ ತುಕ್ಕು.

ಅಲ್ಲಿಂದಾಚೆಗೆ ಕಾರಿನ ಮಾಲೀಕರು ಪೌಡರ್ ಕೋಟಿಂಗ್ ಅಂಗಡಿಗೆ ಹೋಗುತ್ತಾರೆ. ಅಲ್ಲಿ ಎದುರಾಗುವ ಮೊದಲ ಪ್ರಶ್ನೆ ಬಣ್ಣದ್ದು. ಸಿಲ್ವರಾ, ಗನ್‌ಮೆಟಲ್ಲಾ, ಕಪ್ಪಾ, ಡ್ಯುಯಲ್ ಟೋನಾ? ನಿಜಕ್ಕೂ ಮೊದಲು ಕೇಳಬೇಕಾದ್ದು ಬೇರೆ. ಹೊಸತರಲ್ಲಿ ಎಲ್ಲ ಫಿನಿಶ್‌ಗಳೂ ಚೆನ್ನಾಗಿಯೇ ಕಾಣುತ್ತವೆ. ಆದರೆ ಒಂದೊಂದೂ ಹಾಳಾಗುವ ರೀತಿ ಬೇರೆಬೇರೆ. ಯಾವ ಬಗೆಯ ಹಾಳನ್ನು ತಡೆದುಕೊಳ್ಳಬಲ್ಲೆವು ಅನ್ನುವುದರ ಮೇಲೆ ಫಿನಿಶ್ ಆರಿಸಿಕೊಳ್ಳುವುದು ಜಾಣತನ.

ಅಲ್ಯೂಮಿನಿಯಂ ತುಕ್ಕು ಹಿಡಿಯುವುದಿಲ್ಲ ಎಂಬ ನಂಬಿಕೆ ಅರ್ಧ ಮಾತ್ರ ಸರಿ. ಗಾಳಿ ಸೋಕಿದ ಕೂಡಲೇ ಅದರ ಮೇಲೆ ಕೆಲವೇ ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಪೊರೆ ಕಟ್ಟಿಕೊಳ್ಳುತ್ತದೆ. ಒಳಗಿನ ಲೋಹವನ್ನು ಕಾಯುವುದು ಆ ಪೊರೆಯೇ. ಉಪ್ಪಿನಲ್ಲಿರುವ ಕ್ಲೋರೈಡ್ ಅಯಾನುಗಳ ಮುಂದೆ ಮಾತ್ರ ಅದರ ಆಟ ನಡೆಯುವುದಿಲ್ಲ. ಇಂಗ್ಲೆಂಡ್, ಜರ್ಮನಿಗಳಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಮಂಗಳೂರು, ಮಲ್ಪೆ, ಕಾರವಾರದಲ್ಲಿ ಯಾರೂ ಚೆಲ್ಲಬೇಕಾಗಿಲ್ಲ, ಕಡಲ ಗಾಳಿಯೇ ಹೊತ್ತು ತರುತ್ತದೆ. ಜತೆಗೆ ತೇವಕ್ಕಂತೂ ಅಲ್ಲಿ ಬರವಿಲ್ಲ.

ಎಳೆ ಹಬ್ಬುವ ಬಗೆ ಸೋಜಿಗದ್ದು. ಫುಟ್‌ಪಾತ್‌ನ ಅಂಚು ತಾಗಿ ಲ್ಯಾಕರ್ ಸೀಳಿದೆ ಅಥವಾ ಜಲ್ಲಿಕಲ್ಲು ಸಿಡಿದು ಚುಕ್ಕೆಯಷ್ಟು ಲೋಹ ಬಯಲಾಗಿದೆ ಅನ್ನಿ. ಉಪ್ಪು ಬೆರೆತ ನೀರು ಅಲ್ಲಿಂದ ಒಳಗೆ ಸೇರುತ್ತದೆ. ಎಳೆಯ ತಲೆಭಾಗದಲ್ಲಿ ಆಮ್ಲಜನಕ ಕಡಿಮೆ, ಬಾಲದ ಕಡೆ ಹೆಚ್ಚು. ಈ ವ್ಯತ್ಯಾಸವೇ ಅದನ್ನೊಂದು ಪುಟ್ಟ ಬ್ಯಾಟರಿಯನ್ನಾಗಿ ಮಾಡುತ್ತದೆ. ತಲೆಯಲ್ಲಿ ಅಲ್ಯೂಮಿನಿಯಂ ಕರಗುತ್ತದೆ, ಅಲ್ಲಿನ ದ್ರವ ಕಟು ಆಮ್ಲವಾಗುತ್ತದೆ, ಲ್ಯಾಕರ್ ಲೋಹದಿಂದ ಬಿಟ್ಟುಕೊಳ್ಳುತ್ತದೆ, ತಲೆ ಇನ್ನಷ್ಟು ಮುಂದಕ್ಕೆ ಸರಿಯುತ್ತದೆ. ಹಿಂದೆ ಉಳಿಯುವುದು ಒಣಗಿದ ಬಿಳಿ ಅಲ್ಯೂಮಿನಿಯಂ ಹೈಡ್ರಾಕ್ಸೈಡ್. ಆ ಪುಡಿಯ ಸಂದಿಯಿಂದಲೇ ಗಾಳಿ ಒಳಗೆ ನುಗ್ಗಿ ಬ್ಯಾಟರಿಯನ್ನು ಜೀವಂತ ಇಡುತ್ತದೆ. ಒಂದು ಎಳೆ ಇನ್ನೊಂದರ ದಾರಿಗೆ ಅಡ್ಡ ಬಂದರೆ ಸಾಮಾನ್ಯವಾಗಿ ದಾಟಿ ಹೋಗುವುದಿಲ್ಲ. ಮುಟ್ಟಿದ ಕಡೆಯಿಂದ ತಿರುಗಿ ಬೇರೆ ದಿಕ್ಕು ಹಿಡಿಯುತ್ತದೆ.

ಡೈಮಂಡ್ ಕಟ್ ಚಕ್ರಗಳನ್ನೇ ಈ ರೋಗ ಹೆಚ್ಚು ಕಾಡುವುದಕ್ಕೆ ಕಾರಣ ಅವುಗಳ ಹುಟ್ಟಿನಲ್ಲಿದೆ. ಕ್ರೆಟಾ, ಸೆಲ್ಟೋಸ್, ನೆಕ್ಸಾನ್‌ನಂಥ ಕಾರುಗಳ ದುಬಾರಿ ಮಾದರಿಗಳಲ್ಲಿ ಈಗ ಇವು ಮಾಮೂಲು. ಮೊದಲು ಇಡೀ ಚಕ್ರಕ್ಕೆ ಬಣ್ಣ ಹೊಡೆಯುತ್ತಾರೆ. ಆಮೇಲೆ ಕಂಪ್ಯೂಟರ್ ನಿಯಂತ್ರಿತ ಲೇತ್‌ಗೆ ಕಟ್ಟಿ, ತಿರುಗುವ ಚಕ್ರದ ಮುಖದಿಂದ ಮಿಲಿಮೀಟರಿನ ಒಂದಿಷ್ಟು ಭಾಗವನ್ನು ವಜ್ರದ ಮೊನೆಯಿಂದ ಹೆರೆಯುತ್ತಾರೆ. ವಜ್ರವೇ ಯಾಕೆ? ಎರಕದ ಚಕ್ರಗಳಿಗೆ ಸಾಮಾನ್ಯವಾಗಿ ಬಳಸುವ ಎ356 ಮಿಶ್ರಲೋಹದಲ್ಲಿ ಸುಮಾರು ಶೇ 7ರಷ್ಟು ಸಿಲಿಕಾನ್ ಇದೆ. ಅದರ ಗಡುಸು ಕಣಗಳಿಗೆ ಮಾಮೂಲಿ ಉಳಿಗಳು ಬೇಗ ಮೊಂಡಾಗುತ್ತವೆ. ಮೊನೆ ಬಿಟ್ಟ ನವಿರಾದ ಸುತ್ತುಗೆರೆಗಳ ಮೇಲೆ ಬೆಳಕು ಒಡೆದು, ಬಿಸಿಲಿಗೆ ಹಿಡಿದರೆ ಕಾಮನಬಿಲ್ಲಿನ ಛಾಯೆ ಮೂಡುತ್ತದೆ. ಅಂದ ಇರುವುದೇ ಅಲ್ಲಿ. ತೊಂದರೆ ಇರುವುದೂ ಅಲ್ಲೇ. ಬಣ್ಣ, ಪ್ರೈಮರ್ ಎಲ್ಲ ಹೆರೆದುಹೋದ ಆ ಮುಖವನ್ನು ಕಾಯಲು ಉಳಿಯುವುದು ಮೇಲಿನ ಪಾರದರ್ಶಕ ಲೇಪ ಒಂದೇ. ಹೆರೆದ ಮುಖವೂ ಬಣ್ಣದ ಗುಳಿಯೂ ಕೂಡುವ ಕಡೆ ಚೂಪು ಅಂಚು ಹುಟ್ಟುತ್ತದೆ. ಹಸಿ ಲ್ಯಾಕರ್ ಚೂಪು ಅಂಚಿನಿಂದ ಹಿಂದೆ ಸರಿದುಕೊಳ್ಳುವುದರಿಂದ ಅಲ್ಲಿ ಪದರ ತೆಳ್ಳಗಾಗುತ್ತದೆ. ಹುಳು ಬಹುಪಾಲು ಅಂಚಿನಿಂದಲೇ ಶುರುವಾಗುವುದು ಅದಕ್ಕೇ.

ಮತ್ತೆ ಡೈಮಂಡ್ ಕಟ್ ಮಾಡಿಸಬಹುದೇ? ಮಾಡಿಸಬಹುದು, ಆದರೆ ಪ್ರತಿ ಸಲವೂ ಲೋಹ ಹೋಗುತ್ತದೆ. ಹೋದದ್ದು ಮರಳಿ ಬರುವುದಿಲ್ಲವಾದ್ದರಿಂದ ಒಂದೆರಡು ಸಲ ಆದಮೇಲೆ ಜವಾಬ್ದಾರಿಯುಳ್ಳ ಅಂಗಡಿಯವರು ಕೈ ಚೆಲ್ಲುತ್ತಾರೆ. ಕರಾವಳಿಯಲ್ಲಿದ್ದು, ಕಾರನ್ನು ಬಯಲಲ್ಲೇ ನಿಲ್ಲಿಸುವವರು ಈ ದುಡ್ಡನ್ನು ಬೇರೆ ಯಾವುದಕ್ಕಾದರೂ ಖರ್ಚು ಮಾಡುವುದು ಲೇಸು.

ಅಂಥವರಿಗೆ ಒಗ್ಗುವುದು ಪೌಡರ್ ಕೋಟಿಂಗ್. ಹಳೆಯ ಬಣ್ಣ ತೆಗೆದು, ಸಣ್ಣ ಮರಳು ಹೊಡೆದು ಮೈ ಒರಟು ಮಾಡಿದ ಚಕ್ರವನ್ನು ಕೊಕ್ಕೆಗೆ ತೂಗುಹಾಕಿ ಅರ್ಥಿಂಗ್ ಕೊಡುತ್ತಾರೆ. ಗನ್ನಿನ ತುದಿಯಲ್ಲಿ 60ರಿಂದ 100 ಕಿಲೊವೋಲ್ಟ್ ವಿದ್ಯುತ್ ಒತ್ತಡ. ಅಲ್ಲಿಂದ ಹೊರಬಿದ್ದ ನುಣ್ಣನೆ ಪಾಲಿಯೆಸ್ಟರ್ ಪುಡಿ ವಿದ್ಯುದಾವೇಶ ಪಡೆದು ಚಕ್ರದತ್ತ ಎಳೆಯಲ್ಪಡುತ್ತದೆ. ಮುಂದೆ ನಿಂತು ಊದಿದರೂ ಪುಡಿ ಸ್ಪೋಕ್‌ನ ಬೆನ್ನು ಬಳಸಿ ಹಿಂಬದಿಗೂ ಹೋಗಿ ಕೂರುವುದನ್ನು ನೋಡುವುದೇ ಚೆಂದ. ಆದರೆ ಸ್ಪೋಕ್‌ಗಳ ನಡುವಿನ ಆಳದ ಮೂಲೆಗಳಿಗೆ ಅದು ಸುಲಭವಾಗಿ ಇಳಿಯುವುದಿಲ್ಲ. ಕ್ಷೇತ್ರರೇಖೆಗಳು ಎದ್ದುಕಂಡ ಅಂಚುಗಳಲ್ಲೇ ಮುಗಿದುಬಿಡುತ್ತವೆ, ಮೂಲೆಯೊಳಗೆ ಎಳೆತವೇ ಇರುವುದಿಲ್ಲ. ಫ್ಯಾರಡೆ ಪಂಜರ ಎಂದು ಪಿಯುಸಿಯಲ್ಲಿ ಓದಿದ್ದು ಇಲ್ಲಿ ಕೈಗೆ ಸಿಗುತ್ತದೆ. ಅನುಭವಸ್ಥ ಕೆಲಸಗಾರ ವೋಲ್ಟೇಜ್ ಇಳಿಸಿ ಮೊದಲು ಮೂಲೆಗಳಿಗೆ ಹೊಡೆದು, ಆಮೇಲೆ ಮುಖಕ್ಕೆ ಬರುತ್ತಾನೆ.

ಇನ್ನೊಂದು ಸೂಕ್ಷ್ಮ, ಎರಕದ ಲೋಹದೊಳಗಿನ ರಂಧ್ರಗಳದ್ದು. ಒಲೆಗೆ ಇಟ್ಟಾಗ ಅವುಗಳಲ್ಲಿ ಸಿಕ್ಕಿಕೊಂಡ ಗಾಳಿ ಉಬ್ಬಿ, ಕರಗುತ್ತಿರುವ ಪುಡಿಯನ್ನು ತೂರಿ ಹೊರಬರುತ್ತದೆ. ಉಳಿಯುವುದು ಸೂಜಿಮೊನೆಯಂಥ ತೂತು, ಅಂದರೆ ಮುಂದಿನ ಹುಳುವಿಗೆ ಬಾಗಿಲು. ಹಾಗಾಗಿ ಪುಡಿ ಹಾಕುವ ಮುಂಚೆಯೇ ಬರಿ ಚಕ್ರವನ್ನು ಒಮ್ಮೆ ಕಾಯಿಸಿ ಗಾಳಿ ಹೊರಹಾಕಬೇಕು. ಸಮಯ ಉಳಿಸಲು ಈ ಹೆಜ್ಜೆ ಬಿಡುವವರುಂಟು.

ಕಾಯಿಸುವ ಮಾತು ಬಂತು. ಇದು ಬರಿಯ ಅಂದಚಂದದ ವಿಷಯವಲ್ಲ. ಎ356ನಲ್ಲಿ ಸುಮಾರು ಶೇ 0.3ರಷ್ಟು ಮೆಗ್ನೀಸಿಯಂ ಕೂಡ ಇರುತ್ತದೆ. ಕಾರ್ಖಾನೆಯಲ್ಲಿ ಎರಕ ಹೊಯ್ದ ಚಕ್ರವನ್ನು 540 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಗಂಟೆಗಟ್ಟಲೆ ಇಟ್ಟು, ನೀರಿನಲ್ಲಿ ಅದ್ದಿ ತಣಿಸಿ, ಮತ್ತೆ ಸುಮಾರು 155 ಡಿಗ್ರಿಯಲ್ಲಿ ಕೆಲವು ಗಂಟೆ ಹದಗೊಳಿಸುತ್ತಾರೆ. ಟಿ6 ಎಂಬುದು ಈ ಹದದ ಹೆಸರು. ಆಗ ಮೆಗ್ನೀಸಿಯಂ ಮತ್ತು ಸಿಲಿಕಾನ್ ಕೂಡಿದ ಅತಿ ಸೂಕ್ಷ್ಮ ಕಣಗಳು ಲೋಹದ ತುಂಬ ಹರಡಿಕೊಂಡು, ಅದು ಬಾಗದಂತೆ ಹಿಡಿದು ನಿಲ್ಲಿಸುತ್ತವೆ. ಹೆಚ್ಚು ಕಾಯಿಸಿದರೆ ಸಣ್ಣ ಕಣಗಳು ಕರಗಿ ದೊಡ್ಡವನ್ನು ಸೇರುತ್ತವೆ, ಕಣಗಳ ಎಣಿಕೆ ಇಳಿಯುತ್ತದೆ, ಲೋಹ ಮೆತ್ತಗಾಗುತ್ತದೆ. ಪೌಡರ್ ಗಟ್ಟಿಯಾಗಲು ಬೇಕಿರುವುದು 180ರಿಂದ 200 ಡಿಗ್ರಿ, 10ರಿಂದ 20 ನಿಮಿಷ. ಹೀಗೆ ಒಂದು ಸಲ ಕಾಯ್ದರೆ ಚಕ್ರ ತಡೆದುಕೊಳ್ಳುತ್ತದೆ. ಆದರೆ ಪ್ರೈಮರ್‌ಗೊಮ್ಮೆ, ಬಣ್ಣಕ್ಕೊಮ್ಮೆ, ಕ್ಲಿಯರ್‌ಗೊಮ್ಮೆ, ಎರಡು ವರ್ಷ ಬಿಟ್ಟು ಮತ್ತೆ ಮೂರು ಸಲ ಎಂದು ಕಾಯಿಸುತ್ತ ಹೋದರೆ, ಅದರಲ್ಲೂ ಬೇಗ ಮುಗಿಸಲು ಒಲೆಯ ಉರಿ ಏರಿಸಿದರೆ, ಬಲ ಕುಗ್ಗತೊಡಗುತ್ತದೆ. ಹಳೆಯ ಬಣ್ಣವನ್ನು ಸುಟ್ಟು ತೆಗೆಯುವ ಪದ್ಧತಿ ಇನ್ನೂ ಅಪಾಯಕಾರಿ. ಕಬ್ಬಿಣದ ಗೇಟು ಗ್ರಿಲ್‌ಗಳಿಗೆ ನಡೆಯುವ 350-400 ಡಿಗ್ರಿಯ ಒಲೆ ಅಲಾಯ್ ವೀಲಿನ ಟಿ6 ಹದವನ್ನು ಅಳಿಸಿಯೇಬಿಡುತ್ತದೆ. ಹೊರಗೆ ಬಂದ ಚಕ್ರ ಮಾತ್ರ ನೋಡಲು ಮೊದಲಿನಂತೆಯೇ ಇರುತ್ತದೆ. ಬಣ್ಣ ಹೇಗೆ ತೆಗೆಯುತ್ತೀರಿ ಎಂದು ಕೇಳಿ, ‘ಸುಡುತ್ತೇವೆ’ ಎಂಬ ಉತ್ತರ ಬಂದರೆ ಚಕ್ರ ವಾಪಸು ತರುವುದೇ ಸರಿ.

ಅಷ್ಟು ಕಾವು ಬೇಡ ಅನ್ನುವವರಿಗೆ ಕಾರಿನ ಬಾಡಿಗೆ ಹೊಡೆಯುವಂಥ ದ್ರವ ಬಣ್ಣ ಇದೆ. ಅದು ಒಣಗಲು ಹೆಚ್ಚೆಂದರೆ ಅರವತ್ತು-ಎಂಬತ್ತು ಡಿಗ್ರಿ ಸಾಕು. ಕಂಪನಿಯ ಮೂಲ ಬಣ್ಣಕ್ಕೆ ಹೊಂದಿಸುವುದು ಸುಲಭ, ಒಂದೇ ಚಕ್ರಕ್ಕೆ ಗೀರು ಬಿದ್ದಿದ್ದರೆ ಅದೊಂದನ್ನೇ ಸರಿಮಾಡಬಹುದು. ಪೌಡರ್‌ನ ದಪ್ಪವಾಗಲಿ ಜಲ್ಲಿಕಲ್ಲಿನ ಪೆಟ್ಟು ತಾಳುವ ಗಟ್ಟಿತನವಾಗಲಿ ಅದಕ್ಕಿಲ್ಲ.

ಕ್ರೋಮ್ ಮೋಹ ಈಗ ಕಡಿಮೆಯಾಗಿದೆ, ಅದು ಒಳ್ಳೆಯದೇ. ಕನ್ನಡಿ ಹೊಳಪು ಕೊಡುವ ಕ್ರೋಮಿಯಂ ಪದರ ಬಲು ತೆಳು. ನಿಜವಾದ ಹೊದಿಕೆ ಅದರ ಕೆಳಗಿನ ನಿಕಲ್. ನೀರು ಒಂದು ಕಡೆ ನುಸುಳಿತೆಂದರೆ ನಿಕಲ್ ಮತ್ತು ಅಲ್ಯೂಮಿನಿಯಂ ಜೋಡಿಯಲ್ಲಿ ಬಲಿಯಾಗುವುದು ಅಲ್ಯೂಮಿನಿಯಂ. ಲೇಪ ಬ್ಲೇಡಿನಷ್ಟು ಹರಿತವಾದ ಚಕ್ಕೆಗಳಾಗಿ ಏಳುತ್ತದೆ. ಟೈರ್ ಕೂರುವ ಅಂಚಿನಲ್ಲಿ ಹೀಗಾದರೆ ಪಂಕ್ಚರ್ ಇಲ್ಲದೆಯೂ ಗಾಳಿ ಇಳಿಯುತ್ತಿರುತ್ತದೆ. ಲೇಪನದ ತೊಟ್ಟಿಯಲ್ಲಿ ಬಳಸುತ್ತ ಬಂದ ಹೆಕ್ಸಾವೇಲೆಂಟ್ ಕ್ರೋಮಿಯಂ ಕ್ಯಾನ್ಸರ್ ತರುವ ರಾಸಾಯನಿಕವಾದ್ದರಿಂದ ಕೆಲಸಗಾರರಿಗೂ ಅಲ್ಲಿನ ಚರಂಡಿ ನೀರಿಗೂ ಅದರಿಂದ ಕಂಟಕ.

ಆನೊಡೈಸಿಂಗ್‌ನ ದಾರಿ ಇವೆಲ್ಲಕ್ಕಿಂತ ಬೇರೆ. ಹೊರಗಿನಿಂದ ಏನನ್ನೂ ಬಳಿಯದೆ, ಆಮ್ಲದ ತೊಟ್ಟಿಯಲ್ಲಿ ವಿದ್ಯುತ್ ಹರಿಸಿ ಲೋಹದ ಸ್ವಂತ ಆಕ್ಸೈಡ್ ಪೊರೆಯನ್ನೇ ಸಾವಿರಾರು ಪಟ್ಟು ದಪ್ಪವಾಗಿ ಬೆಳೆಸುವ ವಿಧಾನ ಅದು. 1966ರಲ್ಲಿ ಪೋರ್ಶೆ 911 ಎಸ್ ಜತೆ ಬಂದ ಐದು ದಳದ ಫುಕ್ಸ್ ಚಕ್ರಗಳು ಇದರ ಹೆಸರಾಂತ ಉದಾಹರಣೆ. ಹಳೆಯ ಪೋರ್ಶೆಗಳನ್ನು ಸರಿಪಡಿಸುವವರು ಈಗಲೂ ಆ ಮಂಕು ಬೆಳ್ಳಿಯ ಕಾಂತಿಗಾಗಿ ಒದ್ದಾಡುತ್ತಾರೆ. ಅವು ಎರಕದವಲ್ಲ, ಜರ್ಮನಿಯ ಮೈನರ್‌ಟ್ಸ್‌ಹಾಗೆನ್‌ನ ಒಟ್ಟೊ ಫುಕ್ಸ್ ಕಾರ್ಖಾನೆಯಲ್ಲಿ ಬಡಿದು ರೂಪಿಸಿದವು ಎಂಬುದನ್ನು ಮರೆಯಬಾರದು. ಸಿಲಿಕಾನ್ ಹೆಚ್ಚಿರುವ ಎರಕದ ಚಕ್ರವನ್ನು ಅದೇ ತೊಟ್ಟಿಗೆ ಇಳಿಸಿದರೆ ಸಿಲಿಕಾನ್ ಕಣಗಳು ಹಾಗೇ ಉಳಿದು, ಬೂದಿ ಬಳಿದಂಥ ಬಣ್ಣ ಬರುತ್ತದೆ.

ಬಣ್ಣದ ಆಯ್ಕೆ ಇದೆಲ್ಲ ಆದಮೇಲೆ. ಹೊಳಪಿನ ಕಪ್ಪು ಶೋರೂಂ ದೀಪದಡಿ ಮೆರೆಯುತ್ತದೆ, ಒಂದು ವಾರದ ಧೂಳಿಗೆ ಬೂದಾಗುತ್ತದೆ. ಮ್ಯಾಟ್ ಕಪ್ಪಿನ ಮೇಲೆ ಗೀರು ಬಿದ್ದರೆ ಪಾಲಿಶ್ ಮಾಡುವಂತಿಲ್ಲ, ತಿಕ್ಕಿದಷ್ಟು ಜಾಗ ಮಿರುಗಿ ಕಲೆಯಂತೆ ಎದ್ದು ಕಾಣುತ್ತದೆ. ಮುಂದಿನ ಚಕ್ರಗಳ ಮೇಲೆ ಬ್ರೇಕ್‌ನಿಂದ ಉದುರುವ ಕಬ್ಬಿಣದ ಕಣಗಳು ಬಿಸಿಬಿಸಿಯಾಗಿ ಬಂದು ಲ್ಯಾಕರ್‌ಗೆ ಕಚ್ಚಿಕೊಳ್ಳುತ್ತವೆ. ಇವನ್ನು ತೆಗೆಯಲು ಥಯೊಗ್ಲೈಕೊಲೇಟ್ ಇರುವ ದ್ರಾವಣಗಳು ಸಿಗುತ್ತವೆ. ಸಿಂಪಡಿಸಿದ ಸ್ವಲ್ಪ ಹೊತ್ತಿಗೆ ಕಬ್ಬಿಣದೊಂದಿಗೆ ಕೂಡಿ ನೇರಳೆ ಬಣ್ಣದಲ್ಲಿ ಸೋರುತ್ತವೆ. ತೀಕ್ಷ್ಣ ಆಮ್ಲದ ಕ್ಲೀನರ್ ಹಾಕುವ ವಾಟರ್ ಸರ್ವಿಸ್‌ಗಳಿಂದ ಮಾತ್ರ ದೂರ ಇರಬೇಕು. ಎಲ್ಲ ತೂಗಿ ನೋಡಿದರೆ, ನಮ್ಮ ರಸ್ತೆಗಳಿಗೆ ಹೊಂದುವುದು ಸಾದಾ ಸಿಲ್ವರ್ ಅಥವಾ ಗನ್‌ಮೆಟಲ್. ಧೂಳನ್ನೂ ಸಣ್ಣಪುಟ್ಟ ಗೀರನ್ನೂ ಅವು ಮುಚ್ಚಿಕೊಳ್ಳುತ್ತವೆ.

ಚಕ್ರ ಕೊಟ್ಟು ಬರುವ ಮುಂಚೆ ಎರಡು ಮಾತು ಹೇಳಿ ಬರಬೇಕು. ಹಳ್ಳಕ್ಕೆ ಬಿದ್ದ ಚಕ್ರವಾಗಿದ್ದರೆ ಬಣ್ಣ ತೆಗೆದ ಕೂಡಲೇ, ಹೊಸ ಲೇಪ ಬೀಳುವ ಮೊದಲು, ಒಳಬದಿಯ ಅಂಚಿಗೆ ಬಿರುಕು ಪರೀಕ್ಷೆ ಆಗಬೇಕು. ಕೆಂಪು ಡೈ ಹಚ್ಚಿ, ಒರೆಸಿ, ಬಿಳಿ ಡೆವಲಪರ್ ಸಿಂಪಡಿಸಿದರೆ ಕಣ್ಣಿಗೆ ಕಾಣದ ಬಿರುಕಿನಿಂದಲೂ ಕೆಂಪು ಗೆರೆ ಎದ್ದು ಬರುತ್ತದೆ. ಇನ್ನೊಂದು, ನಟ್ ಕೂರುವ ಕುಳಿಗಳಿಗೂ ಹಬ್‌ಗೆ ತಾಗುವ ಹಿಂಬದಿಗೂ ಟೇಪು-ಪ್ಲಗ್ ಹಾಕಿ ಪುಡಿ ಬೀಳದಂತೆ ನೋಡಿಕೊಳ್ಳಲು ಹೇಳಬೇಕು. ನಟ್ಟಿನಡಿ ಸಿಕ್ಕಿದ ದಪ್ಪ ಪೌಡರ್ ಪದರ ಓಡಾಟದಲ್ಲಿ ಒತ್ತಿ ತೆಳ್ಳಗಾಗುತ್ತದೆ. ಬೋಲ್ಟ್‌ನ ಬಿಗಿತ ಅಷ್ಟರಮಟ್ಟಿಗೆ ಸಡಿಲವಾಗುತ್ತದೆ. ಬಹುತೇಕ ಕಾರುಗಳಲ್ಲಿ ಈ ನಟ್‌ಗಳ ಬಿಗಿತ ಸುಮಾರು 100ರಿಂದ 120 ನ್ಯೂಟನ್ ಮೀಟರ್. ಕಾರಿನ ಕೈಪಿಡಿಯಲ್ಲಿ ನಿಖರ ಅಂಕಿ ಇರುತ್ತದೆ. ಚಕ್ರ ಹಾಕಿಸಿಕೊಂಡು ಐವತ್ತು-ನೂರು ಕಿಲೊಮೀಟರ್ ಓಡಿಸಿದ ಮೇಲೆ, ಟೈರ್ ಅಂಗಡಿಯಲ್ಲಿ ಗಾಳಿ ಗನ್ ಬದಲು ಟಾರ್ಕ್ ರೆಂಚ್‌ನಿಂದ ಒಮ್ಮೆ ಬಿಗಿ ನೋಡಿಸಬೇಕು.