ಎಷ್ಟು ತಿದ್ದಿದರೂ ಮೂಲ ಹಾಗೇ ಇರಲಿ

ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರ ಮೂಡಿದ್ದನ್ನು ಸೆರೆಹಿಡಿದರು. ಸಿಕ್ಕಿದ್ದು ಒಂದೇ ನೆಗೆಟಿವ್. ಮುಂದಿನ ದಶಕಗಳಲ್ಲಿ ಅದರಿಂದ ಮತ್ತೆ ಮತ್ತೆ ಪ್ರಿಂಟ್ ಹಾಕಿದರು. ಮೊದಮೊದಲ ಪ್ರಿಂಟ್‌ಗಳಲ್ಲಿ ಆಕಾಶ ತಿಳಿಯಾಗಿದೆ, ಮೋಡದ ಎಳೆಗಳು ಕಾಣುತ್ತವೆ. ನಂತರದವುಗಳಲ್ಲಿ ಆಕಾಶ ಕಪ್ಪಾಗಿದೆ. ಡಾರ್ಕ್‌ರೂಮಿನಲ್ಲಿ ಕಾಗದದ ಒಂದು ಕಡೆ ಬೆಳಕು ತಡೆದು, ಇನ್ನೊಂದು ಕಡೆ ಹೆಚ್ಚು ಬೀಳಿಸಿ ಮಾಡಿದ ಬದಲಾವಣೆ ಅದು. ಮೆಚ್ಚುಗೆಯಾಗದಿದ್ದರೆ ಹೊಸ ಕಾಗದ ತೆಗೆದುಕೊಂಡರಾಯಿತು. ಆದರೆ 1948ರಲ್ಲಿ ಅವರು ಅದೇ ನೆಗೆಟಿವ್‌ನ ಕೆಳಭಾಗವನ್ನು ರಾಸಾಯನಿಕದಿಂದ ಗಾಢಗೊಳಿಸಿದರು. ಅಲ್ಲಿ ಕೈತಪ್ಪಿದ್ದರೆ ಹಿಂದಿರುಗುವ ದಾರಿ ಇರಲಿಲ್ಲ.

ಡಿಜಿಟಲ್ ಫೋಟೊ ತಿದ್ದುವವರ ಮುಂದೆಯೂ ಇರುವುದು ಇವೇ ಎರಡು ದಾರಿ: ಮೂಲವನ್ನೇ ಬದಲಿಸುವುದು, ಇಲ್ಲವೇ ಮೂಲ ಮುಟ್ಟದೆ ತಿದ್ದುವುದು.

ಸೂಚನೆ ಬೇರೆ, ಚಿತ್ರ ಬೇರೆ

1990ರ ಮೊದಲ ಫೋಟೊಶಾಪ್ ಪಿಕ್ಸೆಲ್‌ಗಳನ್ನೇ ಬದಲಿಸುತ್ತಿತ್ತು. ಸೇವ್ ಮಾಡಿ ಮುಚ್ಚಿದರೆ ಹಳೆಯ ಚಿತ್ರ ಹೋದಂತೆಯೇ. 1994ರಲ್ಲಿ ಚಿತ್ರದ ಮೇಲೆ ಬೇರೆ ಪದರವಾಗಿ ಕೂರುವ ಲೇಯರ್, 1996ರಲ್ಲಿ ತಿದ್ದುಪಡಿಯನ್ನಷ್ಟೇ ಹೊತ್ತ ಅಡ್ಜಸ್ಟ್‌ಮೆಂಟ್ ಲೇಯರ್ ಬಂದು ಈ ಕಷ್ಟ ತಗ್ಗಿತು. 2007ರಲ್ಲಿ ಬಂದ ಲೈಟ್‌ರೂಮ್ ಮೂಲ ಫೈಲಿನ ಪಿಕ್ಸೆಲ್‌ಗಳ ತಂಟೆಗೇ ಹೋಗುವುದಿಲ್ಲ. ಬೆಳಕು ಇಷ್ಟು ಹೆಚ್ಚಿಸು, ನೆರಳು ಇಷ್ಟು ತೆರೆ, ಇಲ್ಲಿಗೆ ಕತ್ತರಿಸು ಎಂಬ ಸೂಚನೆಗಳನ್ನಷ್ಟೇ ಬರೆದಿಟ್ಟುಕೊಂಡು, ಅವನ್ನು ಅನ್ವಯಿಸಿದ ಚಿತ್ರವನ್ನು ಪರದೆಯಲ್ಲಿ ತೋರಿಸುತ್ತದೆ. ಒಂದೇ ಫೋಟೊದ ಬಣ್ಣದ ರೂಪ, ಕಪ್ಪು-ಬಿಳುಪು ರೂಪ ಎರಡನ್ನೂ ಇಟ್ಟುಕೊಳ್ಳಲು ಎರಡು ಫೈಲ್ ಬೇಕಿಲ್ಲ.

ಇದರ ಪೂರ್ಣ ಲಾಭ ಸಿಗುವುದು ಕ್ಯಾಮೆರಾ ಸೆನ್ಸರ್ ಕಂಡದ್ದನ್ನು ಸಂಸ್ಕರಿಸದೆ ಇಡುವ ರಾ ಫೈಲಿನಲ್ಲಿ. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಹಂತಗಳಿದ್ದರೆ, 14 ಬಿಟ್‌ನ ರಾ ಫೈಲಿನಲ್ಲಿ 16,384. ಸಂಜೆಯ ಆಕಾಶವನ್ನು ಜೋರಾಗಿ ತಿದ್ದಿದಾಗ ಜೆಪೆಗ್‌ನಲ್ಲಿ ಪಟ್ಟೆಪಟ್ಟೆ ಮೂಡುವುದು ಈ ಕೊರತೆಯಿಂದಲೇ. ಜೊತೆಗೆ ಜೆಪೆಗ್ ಅನ್ನು ತಿದ್ದಿ ಸೇವ್ ಮಾಡಿದಾಗಲೆಲ್ಲ ಅದು ಮತ್ತೊಮ್ಮೆ ಕುಗ್ಗಿ, ವಿವರ ಕಳೆದುಕೊಳ್ಳುತ್ತದೆ.

ಫೋಟೊಶಾಪ್‌ನಲ್ಲೇ ಕೆಲಸ ಮಾಡುವವರಿಗೂ ಕೆಲವು ಒಳ್ಳೆಯ ಅಭ್ಯಾಸಗಳಿವೆ. ಎರೇಸರ್ ಬಿಟ್ಟು ಮಾಸ್ಕ್ ಬಳಸಿ. ಮಾಸ್ಕ್‌ನಲ್ಲಿ ಕಪ್ಪು ಬಳಿದಲ್ಲಿ ಲೇಯರ್ ಮರೆಯಾಗುತ್ತದೆ, ಬಿಳಿ ಬಳಿದರೆ ಮರಳುತ್ತದೆ. ಕಲೆ ತೆಗೆಯುವ ಮುನ್ನ ಖಾಲಿ ಲೇಯರ್ ಸೇರಿಸಿ, ತೇಪೆ ಅದರ ಮೇಲಿರಲಿ. ಫಿಲ್ಟರ್ ಹಾಕುವ ಮೊದಲು ಲೇಯರ್ ಅನ್ನು ಸ್ಮಾರ್ಟ್ ಆಬ್ಜೆಕ್ಟ್ ಮಾಡಿಕೊಳ್ಳಿ, ಆಗ ಫಿಲ್ಟರ್ ಅನ್ನು ಆಮೇಲೂ ಬದಲಿಸಬಹುದು. ಕ್ರಾಪ್ ಮಾಡುವಾಗ ‘ಡಿಲೀಟ್ ಕ್ರಾಪ್ಡ್ ಪಿಕ್ಸೆಲ್ಸ್’ ಆಯ್ಕೆಯ ಟಿಕ್ ತೆಗೆಯಿರಿ. ಹಣ ಕೊಡದೆ ಲೈಟ್‌ರೂಮ್‌ನಂಥ ಕೆಲಸ ಮಾಡಬೇಕೆನ್ನುವವರಿಗೆ ಡಾರ್ಕ್‌ಟೇಬಲ್, ರಾಥೆರಪಿ ಇವೆ.

ಸೂಚನೆಗೂ ಕಾವಲು ಬೇಕು

ಮೂಲ ಉಳಿದರೂ ಸೂಚನೆಗಳು ಕಳೆದುಹೋಗಬಹುದು. ಲೈಟ್‌ರೂಮ್‌ನ ‘ಕ್ಲಾಸಿಕ್’ ಆವೃತ್ತಿ ಅವನ್ನು ಕ್ಯಾಟಲಾಗ್ ಎಂಬ ಬೇರೆ ಫೈಲಿನಲ್ಲಿಡುತ್ತದೆ. ಫೋಟೊಗಳನ್ನಷ್ಟೇ ಹೊಸ ಡಿಸ್ಕ್‌ಗೆ ಕಾಪಿ ಮಾಡಿದರೆ ತಿದ್ದಿದ್ದು ಹಿಂದೆಯೇ ಉಳಿದೀತು. ಆ್ಯಪಲ್ 2015ರಲ್ಲಿ ‘ಅಪರ್ಚರ್’ ಎಂಬ ತನ್ನ ಫೋಟೊ ತಂತ್ರಾಂಶದ ಮಾರಾಟ ನಿಲ್ಲಿಸಿದಾಗ ಅದನ್ನು ನೆಚ್ಚಿಕೊಂಡಿದ್ದವರು ಬೇರೆ ತಂತ್ರಾಂಶ ಹುಡುಕಬೇಕಾಯಿತು. ಒಂದು ತಂತ್ರಾಂಶದ ಸೂಚನೆ ಇನ್ನೊಂದಕ್ಕೆ ಪೂರ್ತಿ ಅರ್ಥವಾಗುವುದಿಲ್ಲ. ಆದ್ದರಿಂದ ಕ್ಯಾಟಲಾಗ್‌ಗೂ ಬ್ಯಾಕಪ್ ಇರಲಿ, ಸೂಚನೆಗಳು ಫೋಟೊ ಪಕ್ಕದ ಎಕ್ಸ್‌ಎಂಪಿ ಫೈಲಿಗೂ ಹೋಗುವಂತಿರಲಿ, ಮುಗಿಸಿದ ಮುಖ್ಯ ಚಿತ್ರಗಳ ಟಿಫ್ ಪ್ರತಿಯೂ ಇರಲಿ.

ಇಷ್ಟೆಲ್ಲ ಶ್ರಮ ಯಾಕೆಂದರೆ, ಅಭಿರುಚಿ ಬದಲಾಗುತ್ತದೆ. ನಮ್ಮ ಮದುವೆ ಆಲ್ಬಮ್‌ಗಳಲ್ಲಿ ಮುಖಗಳನ್ನು ಬೆಳ್ಳಗೆ, ನುಣ್ಣಗೆ ಮಾಡುವ ರೂಢಿ ಇನ್ನೂ ಇದೆ. ಮೂಲ ಫೈಲ್ ಉಳಿದಿದ್ದರೆ, ಅಜ್ಜಿಯ ಕೆನ್ನೆಯ ಸುಕ್ಕನ್ನೂ ಮದುಮಗಳ ನಿಜವಾದ ಮೈಬಣ್ಣವನ್ನೂ ಮುಂದೊಂದು ದಿನ ಮರಳಿ ಪಡೆಯಬಹುದು. ಅಳಿಸಿದ್ದರೆ ಅವು ಯಾವ ತಂತ್ರಾಂಶಕ್ಕೂ ಸಿಗವು. ಸ್ಟುಡಿಯೊದವರೊಂದಿಗೆ ಮಾತುಕತೆ ಮುಗಿಸುವ ಮೊದಲೇ ಆಲ್ಬಮ್ ಜೊತೆ ತಿದ್ದದ ಮೂಲ ಫೈಲ್‌ಗಳನ್ನೂ ಕೊಡಬೇಕೆಂದು ಹೇಳಿಬಿಡಿ.