ಮನೆಪಾಠಕ್ಕೆ ಬಿಡುವು ಕೊಡುವವರು ಯಾರು?

‘ತಾರೇ ಜಮೀನ್ ಪರ್’ ಚಿತ್ರ 2007ರಲ್ಲಿ ತೆರೆಗೆ ಬಂದ ಮೇಲೆ ಡಿಸ್ಲೆಕ್ಸಿಯಾ ಎಂಬ ಪದ ಮಧ್ಯಮ ವರ್ಗದ ಮನೆಗಳಿಗೆ ಪರಿಚಿತವಾಯಿತು. ಅಂಗವಿಕಲರ ಹಕ್ಕುಗಳ ಕಾಯ್ದೆ-2016 ‘ನಿರ್ದಿಷ್ಟ ಕಲಿಕಾ ನ್ಯೂನತೆ’ಯನ್ನು 21 ಬಗೆಯ ವೈಕಲ್ಯಗಳ ಪಟ್ಟಿಗೆ ಸೇರಿಸಿತು. ಆದರೆ ಇಂಥ ಮಗುವಿಗೆ ಮನೆಯಲ್ಲೇ ಕಲಿಸಲು ಮುಂದಾದ ತಂದೆ-ತಾಯಿ ಇಬ್ಬರೂ ದುಡಿಯುವವರಾದರೆ ಅವರ ಪಾಡೇನು? ರಾಯಚೂರಿನಂಥ ಜಿಲ್ಲೆಯಲ್ಲಿ ಈ ಪ್ರಶ್ನೆಯನ್ನು ಕೇಳುವವರೇ ಕಡಿಮೆ.

ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿಯು ಬಹುವಿಧ ಹಾಗೂ ತೀವ್ರ ಅಂಗವೈಕಲ್ಯವುಳ್ಳ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣವನ್ನು ಆಯ್ದುಕೊಳ್ಳುವ ಹಕ್ಕು ನೀಡಿತು. ಓಡಾಡುವ, ಹರಟೆ ಹೊಡೆಯುವ, ಅಂಗಡಿಯ ಲೆಕ್ಕವನ್ನು ಬಾಯಲ್ಲೇ ಒಪ್ಪಿಸುವ, ಪುಸ್ತಕ ತೆರೆದೊಡನೆ ಮಾತ್ರ ತಡವರಿಸುವ ಮಗು ಈ ಪರಿಧಿಯೊಳಗೆ ಬರುವುದಿಲ್ಲ. ನೋಡಿದವರಿಗೆ ಅದು ‘ಚೆನ್ನಾಗಿಯೇ ಇದೆ’. ಅದೇ ಅದರ ದುರದೃಷ್ಟ.

ಕನ್ನಡ ಓದುವುದನ್ನು ಕಲಿಸುವುದು ಇಂಗ್ಲಿಷಿನ 26 ಅಕ್ಷರ ಕಲಿಸಿದಂತಲ್ಲ. ವರ್ಣಮಾಲೆಯ ನಂತರ ಕಾಗುಣಿತ, ಕಾಗುಣಿತದ ನಂತರ ಒತ್ತಕ್ಷರ. ‘ರಾಷ್ಟ್ರ’ ಎಂಬ ಪುಟ್ಟ ಪದದ ಕೊನೆಯಲ್ಲೇ ಮೂರು ವ್ಯಂಜನಗಳು ಒಂದರಡಿ ಒಂದು ಕುಳಿತಿವೆ. ಕನ್ನಡ ಮಕ್ಕಳ ಓದನ್ನು ಕುರಿತು ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಅಕ್ಷರಗಳ ಮೇಲಿನ ಹಿಡಿತ ಸಾಮಾನ್ಯ ಮಕ್ಕಳಲ್ಲೂ ಪ್ರಾಥಮಿಕ ಶಾಲೆಯ ಹಲವು ವರ್ಷಗಳಲ್ಲಿ ನಿಧಾನವಾಗಿ ಕೂಡಿಬರುತ್ತದೆ. ಹಾಗಿರುವಾಗ ತೊಂದರೆಯುಳ್ಳ ಮಗುವಿಗೆ ಎಷ್ಟು ಸಹನೆ ಬೇಕು! ಒಂದೇ ಒತ್ತಕ್ಷರವನ್ನು ಮರಳಿನಲ್ಲಿ ಬರೆಸಿ, ಬೆರಳಿನಿಂದ ತೀಡಿಸಿ, ಉಚ್ಚರಿಸಿ, ಮರುದಿನ ಮತ್ತೆ ಅಲ್ಲಿಂದಲೇ ತೊಡಗಬೇಕು. ಭಾನುವಾರ ಮೂರು ತಾಸು ಕೂಡಿಸುವುದಕ್ಕಿಂತ ದಿನವೂ ಅರ್ಧ ತಾಸು ಮೇಲು. ದುಡಿಯುವವರ ಬಳಿ ಇಲ್ಲದಿರುವುದು ಆ ದಿನದ ಅರ್ಧ ತಾಸೇ.

ರಾಯಚೂರು ನಗರದ ನೌಕರಸ್ಥ ದಂಪತಿ ಹೇಗೋ ಸಂಜೆಯನ್ನು ಹೊಂದಿಸಿಕೊಂಡಾರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಮಾನ್ವಿಯಲ್ಲಿ ಭತ್ತದ ನಾಟಿ ಶುರುವಾದರೆ ಕೂಲಿಯ ತಾಯಿ ನಸುಕಿಗೇ ಮನೆ ಬಿಡುತ್ತಾಳೆ. ದೇವದುರ್ಗದ ಕಥೆ ಇನ್ನೂ ಕಠಿಣ. ಸುಗ್ಗಿ ಮುಗಿದೊಡನೆ ಕುಟುಂಬಗಳು ಬೆಂಗಳೂರಿಗೆ ಗುಳೆ ಹೊರಡುತ್ತವೆ. ಕಟ್ಟಡ ಕಾಮಗಾರಿಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಮನೆಪಾಠವೆಂದರೆ ಏನು? ಮನೆಯಾದರೂ ಇರಬೇಕಲ್ಲ.

ಕೇಂದ್ರ ಸರ್ಕಾರಿ ನೌಕರಿಯ ಮಹಿಳೆಗೆ ಸೇವಾವಧಿಯಲ್ಲಿ 730 ದಿನಗಳ ಮಕ್ಕಳ ಪಾಲನಾ ರಜೆಯಿದೆ. ಹಿಮಾಚಲ ಪ್ರದೇಶದ ಕಾಲೇಜು ಅಧ್ಯಾಪಕಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಿಶೇಷ ಮಗುವಿನ ತಾಯಿಗೆ ಇಂಥ ರಜೆ ನಿರಾಕರಿಸುವುದು ಸಂವಿಧಾನದ ಆಶಯಕ್ಕೆ ವಿರುದ್ಧವೆಂದು 2024ರ ಏಪ್ರಿಲ್‌ನಲ್ಲಿ ಹೇಳಿತು. ಸ್ವಾಗತಾರ್ಹವೇ. ಆದರೆ ಕೇಂದ್ರದ ನಿಯಮದಲ್ಲಿ ಪುರುಷರ ಪೈಕಿ ಈ ಸವಲತ್ತು ಒಂಟಿ ತಂದೆಗಷ್ಟೆ. ಪತ್ನಿಯಿರುವ ತಂದೆ ಮಗನಿಗೆ ಕಾಗುಣಿತ ಕಲಿಸಬೇಕಾಗಿಲ್ಲವೆಂದು ನಿಯಮ ಬರೆದವರು ಭಾವಿಸಿದಂತಿದೆ! ಗದ್ದೆಯ ಕೂಲಿಗಂತೂ ಯಾವ ರಜೆಯೂ ಇಲ್ಲ.

2018ರ ಮಾರ್ಗಸೂಚಿಯಂತೆ ಮಗು ಮೂರನೇ ತರಗತಿಗೆ ಅಥವಾ ಎಂಟನೇ ವಯಸ್ಸಿಗೆ ಬರುವಾಗ ಶಿಕ್ಷಕರೇ ಕಲಿಕಾ ತೊಂದರೆಯನ್ನು ಪ್ರಾಥಮಿಕವಾಗಿ ಗುರುತಿಸಬೇಕು. ಪ್ರಮಾಣಪತ್ರದ ಮಾತು ಅನಂತರದ್ದು. ನಾಲ್ಕುನೂರು ಕಿ.ಮೀ. ಆಚೆಯ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಿಬರುವಷ್ಟು ಕೂಲಿ ಕಳೆದುಕೊಳ್ಳಲು ಎಷ್ಟು ಕುಟುಂಬಗಳಿಗೆ ಸಾಧ್ಯ? ಆದ್ದರಿಂದ ತಜ್ಞರೇ ತಾಲ್ಲೂಕು ಆಸ್ಪತ್ರೆಗೆ ಬರಬೇಕು. ತಾಲ್ಲೂಕಿನ ಸಂಪನ್ಮೂಲ ಶಿಕ್ಷಕರು ವಾರಕ್ಕೆರಡು ಸಂಜೆಯಾದರೂ ಇಂಥ ಮಕ್ಕಳ ಓಣಿಯಲ್ಲಿ ಕೂಡುವಂತೆ ವೇಳಾಪಟ್ಟಿ ಬದಲಾಗಬೇಕು. ದೇವದುರ್ಗದಲ್ಲಿ ಈ ತಪಾಸಣೆ ಗುಳೆ ಆರಂಭವಾಗುವ ಮೊದಲೇ ಮುಗಿಯಬೇಕು. ಆಮೇಲೆ ನಡೆಸಿದರೆ ಹಾಜರಿ ಪುಸ್ತಕದಲ್ಲಿ ಮಗುವಿನ ಹೆಸರಷ್ಟೇ ಸಿಗುತ್ತದೆ.