‘ಬೋರ್ಡ್’ ಪದದ ಅರ್ಥವಿಸ್ತಾರ

ಅಂಗಡಿಯ ಬೋರ್ಡು, ತರಗತಿಯ ಬೋರ್ಡು, ಪರೀಕ್ಷೆ ನಡೆಸುವ ಬೋರ್ಡು, ಬೋರ್ಡಿಂಗ್ ಶಾಲೆ – ಪರಸ್ಪರ ಸಂಬಂಧವಿಲ್ಲದಂತೆ ತೋರುವ ಈ ಅರ್ಥಗಳ ಬೇರು ಒಂದೇ.

ಹಳೆಯ ಇಂಗ್ಲಿಷಿನಲ್ಲಿ ‘ಬೋರ್ಡ್’ ಎಂದರೆ ಮರದ ಹಲಗೆ. ಬರೆಯುವ ಹಲಗೆಗೂ ನಾಮಫಲಕಕ್ಕೂ ಆ ಹೆಸರು ಸಹಜವಾಗಿಯೇ ಸಂದಿತು. ಕಾಲುಗಳ ಮೇಲಿರಿಸಿದ ಹಲಗೆ ಊಟದ ಮೇಜಾಯಿತು. ಮೇಜಿನ ಹೆಸರು ಅದರ ಮೇಲೆ ಬಡಿಸುವ ಊಟಕ್ಕೂ ಬಂದಿತು. ಆದುದರಿಂದಲೇ ಊಟ–ವಸತಿಗಳನ್ನು ಒದಗಿಸುವ ಶಾಲೆ ‘ಬೋರ್ಡಿಂಗ್’ ಎನಿಸಿತು. ಸಮಾಲೋಚನೆಗಾಗಿ ಮೇಜಿನ ಸುತ್ತ ಕುಳಿತವರೂ ‘ಬೋರ್ಡ್’ ಆದರು. ಹಡಗಿನ ಪಕ್ಕವನ್ನೂ ಇದೇ ರೂಪದ ಪದ ಸೂಚಿಸುತ್ತಿತ್ತು; ಹಡಗನ್ನೇರುವ, ಮುಂದೆ ರೈಲು–ವಿಮಾನಗಳನ್ನೇರುವ ಅರ್ಥವು ಅಲ್ಲಿಂದ ಹುಟ್ಟಿತು.

ಮಂಚದ ಮೇಲಿರುವವರು ಕೂಗಿದರೆ ಮಂಚವೇ ಕೂಗಿತೆನ್ನುವುದು ನಮ್ಮ ಶಾಸ್ತ್ರಕಾರರು ಲಕ್ಷಣೆಗೆ ಕೊಡುವ ಪ್ರಸಿದ್ಧ ನಿದರ್ಶನ. ಮೇಜಿನ ಹೆಸರು ಅದರ ಸುತ್ತ ಕುಳಿತವರಿಗೆ ಸಂದುದೂ ಇದೇ ಬಗೆಯ ವ್ಯಾಪಾರ.

ಇಂಗ್ಲಿಷ್ ಒಂದೇ ಪದದಲ್ಲಿ ಅಡಗಿಸಿದುದನ್ನು ಕನ್ನಡವು ಹಲಗೆ, ಫಲಕ, ಮಂಡಳಿ, ಊಟ, ಏರು ಎಂದು ಬಿಡಿಸಿ ಹೇಳುತ್ತದೆ. ಎರಡು ಮೂರು ಭಾಷೆಗಳ ನಡುವೆ ಓದುವ ಗಡಿನಾಡಿನ ವಿದ್ಯಾರ್ಥಿಯು ಭಾಷಾಂತರಕ್ಕೆ ತೊಡಗಿದಾಗ ನಿಘಂಟಿನ ಮೊದಲ ಅರ್ಥಕ್ಕೇ ತೃಪ್ತನಾಗಬಾರದು; ಪದಕ್ಕೆ ಅರ್ಥವನ್ನು ನಿಶ್ಚಯಿಸಿಕೊಡುವುದು ಸಂದರ್ಭ.